ಯಂಕೋಬನ ಝೂಲಗಳಿಗೆ ಬಿದ್ದ ಕೀಲಿ

ಮಸ್ಕಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆ ಬೆಳಗಾಗುವುದೇ ಪವನನ ಎಂಬ್ರಾಯ್ಡರಿ ಮಷಿನ್ ಶುರುವಾದ ಮೇಲೆ. ಅವತ್ತು ಹೊತ್ತೇರಿದರೂ ಮಷಿನ್ ಸದ್ದು ಮಾಡಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವನ ತಾಯಿ ಹುಸೇನಮ್ಮ ಕೈ ನಿಲ್ಲಿಸಿ ಪಡಸಾಲೆಯ ಕಡೆ ಕಿವಿಗೊಟ್ಟಳು.

"ಪವ್ಯಾ, ಕರೆಂಟ್ ಐತಲ್ಲೋ? ಯಾಕ ಸುಮ್ನ ಕುಂತಿ?"

ಪವನ ಕಂಪ್ಯೂಟರಿನ ಮುಂದೆ ಕಲ್ಲಾಗಿ ಕೂತಿದ್ದ. ನಿನ್ನೆಯವರೆಗೆ ನವಿಲು, ಬಳ್ಳಿ, ಕಮಲ ಎಂದು ಚಿತ್ರ ಸಮೇತ ಕಾಣುತ್ತಿದ್ದ ಡಿಸೈನುಗಳೆಲ್ಲ ಬಿಳಿ ಚೌಕಗಳಾಗಿದ್ದವು. ಒಂದೊಂದರ ಹೆಸರಿಗೂ ಅರ್ಥವಿಲ್ಲದ ಬಾಲವೊಂದು ಅಂಟಿಕೊಂಡಿತ್ತು. ಯಾವುದನ್ನು ಒತ್ತಿದರೂ ತೆರೆಯಲಿಲ್ಲ. ತೆರೆದದ್ದು ಒಂದೇ ಒಂದು: ಇಂಗ್ಲಿಷಿನಲ್ಲಿ ಬರೆದ ಒಂದು ಓಲೆ. ಒಂಬತ್ತನೇ ಇಯತ್ತೆಗೆ ಶಾಲೆಗೆ ಶರಣು ಹೊಡೆದವನಿಗೆ ಅದರಲ್ಲಿ 'ಡಾಲರ್' ಎಂಬ ಮಾತಷ್ಟೇ ತಿಳಿಯಿತು. ತಿಳಿದದ್ದೇ ಸಾಕಾಗಿ ಒಳಗೆ ಕೂಗಿದ.

"ರೂಪಾ, ಬಾ ಇಲ್ಲೆ. ಇದನ್ನ ಓದು."

ಅವನ ಹೆಂಡತಿ ರೂಪಾ ಹಿಟ್ಟಿನ ಕೈಯಲ್ಲೇ ಬಂದಳು. ಬಸುರಿ ತಂಗಿಯ ಕುಬಸದ ಕಾರ್ಯಕ್ಕೆಂದು ಗುರುಗುಂಟಾಕ್ಕೆ ಹೋದವಳು ಹಿಂದಿನ ಸಂಜೆಯಷ್ಟೇ ತಿರುಗಿ ಬಂದಿದ್ದಳು. ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಗೋಡೆಗಿದ್ದ ಇಂಟರ್ನೆಟ್ಟಿನ ಡಬ್ಬಿಯ ವೈರು ಕಿತ್ತಳು. ಹಿಂದಿನಿಂದ ಕಂಪ್ಯೂಟರಿನ ಪ್ಲಗ್ಗನ್ನೂ ಎಳೆದು ಬಿಟ್ಟಳು.

"ಏನಂತ ಬರದೈತಿ?"

"ಎಲ್ಲಾ ಫೈಲಿಗೆ ಕೀಲಿ ಹಾಕೀವಿ, ಕೀಲಿಕೈ ನಮ್ಮ ಕಡೆ ಮಾತ್ರ ಐತಿ ಅಂತ. ಡಾಲರ್‌ನ್ಯಾಗ ರೊಕ್ಕ ಕೇಳ್ಯಾರ. ರವಿವಾರದೊಳಗ ಕೊಟ್ರ ಅರ್ಧ ಅಂತ."

ಹುಸೇನಮ್ಮ ಬಾಗಿಲಿಗೆ ಬಂದು ನಿಂತಿದ್ದಳು. "ಯಾರ್ ಹಾಕ್ಯಾರ ಕೀಲಿ? ಬಾಗಲಾ ನಾನೇ ಹಾಕ್ಕೊಂಡಿದ್ದೆ. ಮನಿಯಾಗ ಯಾರ್ ಬಂದಿದ್ರು?"

"ಯಾರೂ ತಾವಾಗಿ ಬಂದಿಲ್ಲ ಅತ್ತಿ," ಅಂದಳು ರೂಪಾ, ಗಂಡನ ಕಡೆ ನೋಡುತ್ತಾ. "ಕರ್ಕೊಂಡ್ ಬಂದಾರ."

ಪವನನಿಗೆ ಮೂಗಿನ ತುದಿಯ ಸಿಟ್ಟು. ಆದರೆ ಈ ಸಲ ತಪ್ಪು ಅವನದೇ. ಅವಳು ಊರಲ್ಲಿಲ್ಲದ ಹೊತ್ತು ನೋಡಿ, ಮಷಿನ್ ಮಾಲೀಕರ ಗ್ರೂಪಿನಲ್ಲಿ ಯಾರೋ ಹಾಕಿದ್ದ ಲಿಂಕಿನಿಂದ ಪಂಚಿಂಗ್ ಸಾಫ್ಟ್‌ವೇರಿನ ಹೊಸದೊಂದನ್ನು ಇಳಿಸಿಕೊಂಡಿದ್ದ. ಬಟ್ಟೆಯ ಮೇಲಿನ ಚಿತ್ರವನ್ನು ಮಷಿನ್ನಿಗೆ ತಿಳಿಯುವ ಹೊಲಿಗೆ ಮಾಡುವುದಕ್ಕೆ ಪಂಚಿಂಗ್ ಅನ್ನುತ್ತಾರೆ. ಆ ಸಾಫ್ಟ್‌ವೇರನ್ನು ಅಂಗಡಿಯಿಂದ ಕೊಳ್ಳಹೋದರೆ ಮಷಿನ್ನಿಗೆ ಸರಿಸಮ ಬೆಲೆ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಊರಿನ ಮಾಲೀಕರಲ್ಲಿ ಯಾರೂ ಅದನ್ನು ಕೊಂಡವರಲ್ಲ. ಒಬ್ಬರಿಂದೊಬ್ಬರು ಕದ್ದ ಮಾಲು ಇಸಿದುಕೊಂಡೇ ಸಂಸಾರ ನಡೆಸಿದವರು. ಜೊತೆಗಿದ್ದ ವಿಡಿಯೋದಲ್ಲಿ ಒಬ್ಬ, "ಮೊದಲು ಆ್ಯಂಟಿವೈರಸ್ ಬಂದ್ ಮಾಡಿ, ಇಲ್ಲದಿದ್ದರೆ ಅದು ಸುಮ್ಮನೆ ಕಿರಿಕಿರಿ ಮಾಡುತ್ತದೆ" ಎಂದಿದ್ದ. ಪವನ ಬಂದ್ ಮಾಡಿದ್ದ. ಕಾವಲು ನಾಯಿಯನ್ನು ಕಟ್ಟಿಹಾಕಿ, ಬಾಗಿಲು ತೆರೆದು, ಕಳ್ಳರಿಗೆ ನೀರು ಕೊಟ್ಟು ಕೂಡ್ರಿಸಿದಂತಾಗಿತ್ತು.

ಮೂಲೆಯ ಕಟ್ಟೆಯ ಮೇಲೆ ಕೂತಿದ್ದ ಪವನನ ತಂದೆ ಯಂಕೋಬ ಇದನ್ನೆಲ್ಲ ಕೇಳಿಸಿಕೊಂಡ. ಅವನು ಕೇಳಿದ್ದು ಒಂದೇ.

"ಝೂಲದವು?"

ರೂಪಾ ತಲೆ ತಗ್ಗಿಸಿದಳು. "ಅವೂ ಹೋಗ್ಯಾವ ಮಾವ."

*

ಮನೆಮನೆಗೂ ಎತ್ತಿನ ಜೋಡಿ ಇದ್ದ ಕಾಲದಲ್ಲಿ ಕಾರಹುಣ್ಣಿಮೆ ಬಂತೆಂದರೆ ಯಂಕೋಬನಿಗೆ ಉಣ್ಣಲು ಪುರುಸೊತ್ತು ಇರುತ್ತಿರಲಿಲ್ಲ. ಎತ್ತಿನ ಬೆನ್ನಿಗೆ ಹೊದಿಸುವ ಝೂಲ ಹೊಲಿಯುವುದರಲ್ಲಿ ಸುತ್ತಲ ಹಳ್ಳಿಗೆಲ್ಲ ಅವನದೇ ಕೈ. ಕಾಗದದ ಮೇಲೆ ಒಂದು ಗೆರೆಯನ್ನೂ ಎಳೆದವನಲ್ಲ. ಬಟ್ಟೆ ಹಾಸಿ, ನೇರವಾಗಿ ಗೀಟು ಹಾಕಿ, ಕತ್ತರಿಸಿ, ಕೂಡಿಸಿ ಹೊಲಿದುಬಿಡುತ್ತಿದ್ದ. ಟ್ರ್ಯಾಕ್ಟರ್ ಬಂತು, ಎತ್ತು ಹೋದವು, ಝೂಲ ಕೇಳುವವರು ಹೋದರು. ಅದರ ಬೆನ್ನಿಗೇ ಅವನ ಕೈ ನಡುಗಲು ಶುರುವಾಯಿತು. ದವಾಖಾನೆಯ ಗುಳಿಗೆಗೆ ನಡುಕ ಅರ್ಧ ನಿಂತಿತು, ಅರ್ಧ ಉಳಿಯಿತು.

ಸೊಸೆಯಾಗಿ ಬಂದ ರೂಪಾ ಪಿಯುಸಿ ಮುಗಿಸಿದವಳು. ಸಿಂಧನೂರಿಗೆ ಓಡಾಡಿ ಪಂಚಿಂಗ್ ಕಲಿತಳು. ಮಾವನ ಪಕ್ಕ ಕೂತು, "ಇದು ಹೆಂಗ ತಿರಗ್ತಿತ್ತು ಮಾವ, ಇಲ್ಲಿ ಎಲಿ ಇತ್ತೋ ಮೊಗ್ಗು ಇತ್ತೋ" ಎಂದು ಕೇಳಿ ಕೇಳಿ, ವರ್ಷಗಟ್ಟಲೆ ಕೂತು ಝೂಲದ ಅಂಚುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದಳು. ಅವು ಮದುಮಗಳ ಬ್ಲೌಸಿನ ಬೆನ್ನಿಗೆ, ತೋಳಿಗೆ ಬಂದವು. ಅಂಥ ಡಿಸೈನು ಬೇರೆ ಯಾವ ಅಂಗಡಿಯಲ್ಲೂ ಇರಲಿಲ್ಲ. ಲಿಂಗಸುಗೂರಿನಿಂದ, ಹಟ್ಟಿ ಚಿನ್ನದ ಗಣಿಯ ಕ್ವಾರ್ಟರ್ಸಿನಿಂದ ಹೆಣ್ಣುಮಕ್ಕಳು ಹುಡುಕಿಕೊಂಡು ಬಂದರು. "ಎತ್ತಿನ ಮೈಮ್ಯಾಲಿಂದ್ ತಗದು ಮದುಮಗಳ ಬೆನ್ನಿಗೆ ಹಾಕ್ತೀರಿ, ಆಕಿ ನಕ್ಕೋತ ಹಾಕ್ಕೊಂಡು ಹೊಕ್ಕಾಳ!" ಎಂದು ಹುಸೇನಮ್ಮ ಆಡಿಕೊಳ್ಳುತ್ತಿದ್ದಳು. ಆಡಿಕೊಂಡರೂ ಮನೆ ನಡೆಯುತ್ತಿದ್ದುದು ಅದರಿಂದಲೇ.

*

ಮರುದಿನ ಪವನ ಕಂಪ್ಯೂಟರಿನ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ, ಸೈಕಲ್ ಟ್ಯೂಬಿನಿಂದ ಬೈಕಿಗೆ ಬಿಗಿದು ಸಿಂಧನೂರಿಗೆ ಹೊರಟ. ದಾರಿಯ ಎರಡೂ ಕಡೆ ಭತ್ತ ಹಸಿರಾಗಿ ನಿಂತಿತ್ತು. ಅವನ ಕಣ್ಣಿಗೆ ಒಂದೂ ಬೀಳಲಿಲ್ಲ. ಕಾಣದ ದೇಶದಲ್ಲಿ ಕೂತ, ಮುಖವಿಲ್ಲದ ಒಬ್ಬ ಮನುಷ್ಯನಿಗೆ ದಾರಿಯುದ್ದಕ್ಕೂ ಬೈಯುತ್ತಾ ಹೋದ.

ಸಿಂಧನೂರಿನಲ್ಲಿ ಅವನ ಗೆಳೆಯ ಖಾದರಬಾಷಾ ಕಾದಿದ್ದ. ಅವನದೂ ಮಷಿನ್ ಅಂಗಡಿಯೇ. ಅವನೇ ಅನುಪಮಾ ಎಂಬಾಕೆಯ ಕಂಪ್ಯೂಟರ್ ರಿಪೇರಿ ಅಂಗಡಿಗೆ ಕರೆದುಕೊಂಡು ಹೋದ. ಆಕೆ ಡಬ್ಬಿ ಬಿಚ್ಚಿ ನೋಡುತ್ತಾ ಒಂದೊಂದೇ ಕೇಳಿದಳು.

"ನೆಟ್ ತಗದಿದ್ರೇನ್ರಿ?"

"ನಮ್ಮಾಕಿ ತಗದಾಳರಿ."

"ಚಲೋ ಮಾಡ್ಯಾರ. ಬ್ಯಾಕಪ್ ಇಟ್ಟೀರಿ?"

ಪವನ ಚೀಲದಿಂದ ಚಿಕ್ಕ ಹಾರ್ಡ್‌ಡಿಸ್ಕು ತೆಗೆದುಕೊಟ್ಟ. ಅದಕ್ಕೂ ವೈರಿಗೂ ಸೇರಿಸಿ ಟೇಪು ಸುತ್ತಿತ್ತು. ಅನುಪಮಾ ಅದನ್ನು ತಿರುಗಿಸಿ ನೋಡಿದಳು.

"ಈ ಟೇಪ್ ಯಾಕ್ರಿ?"

"ಮಷಿನ್ ಶುರು ಆತಂದ್ರ ಟೇಬಲ್ ಅಲಗಾಡ್ತೈತ್ರಿ. ವೈರ್ ಸಡಲಾಗಿ ಬೀಳ್ತಿತ್ತು. ಬೀಳಬಾರ್ದು ಅಂತ ನಾನೇ ಗಟ್ಟಿ ಸುತ್ತಿದ್ದೆ."

"ಬಿದ್ದಿದ್ರ ಉಳೀತಿತ್ರಿ," ಅಂದಳು ಆಕೆ. "ಹಗಲೂರಾತ್ರಿ ಹಚ್ಚೇ ಇಟ್ರ ಅದೂ ಕಂಪ್ಯೂಟರಿನ ಒಂದ್ ಖೋಲಿ ಆಗ್ತೈತಿ. ಮನಿಗೆ ಹೊಕ್ಕವ್ರು ಆ ಖೋಲಿನೂ ಬಿಡಲ್ಲ."

ಖಾದರಬಾಷಾ ಗೆಳೆಯನ ಮುಖ ನೋಡಿ ನಗು ನುಂಗಿಕೊಂಡ.

ಪೊಲೀಸರೂ ಕಂಪನಿಗಳೂ ಸೇರಿ, ಸಿಕ್ಕಿಬಿದ್ದ ಕಳ್ಳರ ಕೀಲಿಕೈಗಳನ್ನು ಪುಕ್ಕಟೆ ಇಟ್ಟಿರುವ ಒಂದು ತಾಣವಿದೆ ಎಂದು ಹೇಳಿ ಅನುಪಮಾ ಅಲ್ಲಿ ಹುಡುಕಿದಳು. ಪವನ ಎರಡು ಸಲ ಚಹಾ ಕುಡಿದ. ಆಕೆ ತಲೆಯಾಡಿಸಿದಳು.

"ಈ ಜಾತಿದು ಇನ್ನೂ ಬಂದಿಲ್ಲರಿ. ಮುಂದ ಬಂದ್ರೂ ಬರಬಹುದು, ಬರದೇನೂ ಇರಬಹುದು. ಕೀಲಿ ಬಿದ್ದ ಫೈಲು ಅಳಿಸಬ್ಯಾಡ್ರಿ, ಈ ಡಿಸ್ಕಿನ್ಯಾಗ ಹಾಗೇ ಇರ್ಲಿ, ಎತ್ತಿಡ್ರಿ. ಕಂಪ್ಯೂಟರ್ ನಾ ತೊಳದು ಹೊಸದು ಮಾಡಿ ಕೊಡ್ತೀನಿ. ಸೈಬರ್ ಪೊಲೀಸರಿಗೆ ಫೋನ್ ಹಚ್ಚಿ ಬರಸ್ರಿ. ಮತ್ತ ಬ್ಯಾಂಕಿನ ಪಾಸ್‌ವರ್ಡ್ ಇವತ್ತೇ ಬದಲ್ ಮಾಡ್ರಿ. ಇಂಥವು ಕೀಲಿ ಹಾಕೂಕಿಂತ ಮೊದ್ಲು ಕಿಸೆ ತಡಕಿ ನೋಡ್ತಾವ."

"ರೊಕ್ಕ ಕೊಟ್ರ?"

"ಕೊಟ್ಟವ್ರು ಇಬ್ರು ನನಗ ಗೊತ್ತು. ಒಬ್ರಿಗೆ ಅರ್ಧ ಫೈಲ್ ಬಂದ್ವು. ಇನ್ನೊಬ್ರಿಗೆ ಇನ್ನಷ್ಟು ಕೊಡು ಅಂತ ಓಲಿ ಬಂತು."

ಹೊರಗೆ ಬಂದು ಮಂಡಕ್ಕಿ ಒಗ್ಗರಣಿ, ಮಿರ್ಚಿಯ ಪ್ಲೇಟು ಮುಂದಿಟ್ಟುಕೊಂಡರೂ ಪವನ ಮಿರ್ಚಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತ.

"ಗ್ರೂಪಿನ್ಯಾಗ ಹೇಳಿಯೇನು?" ಖಾದರಬಾಷಾ ಕೇಳಿದ.

"ಯಾಕ, ನಗಾಕ?"

"ನಗಲಿ ಬಿಡು ದೋಸ್ತ. ಆ ಲಿಂಕ್ ನಾ ಇವತ್ ಸಂಜಿಕ ಹಾಕ್ಕೊಳ್ಳಾವ ಇದ್ದೆ. ನನ್ನಂಥವ್ರು ಇನ್ನೆಷ್ಟ್ ಮಂದಿ ಅದಾರೋ."

ಪವನ ಮಿರ್ಚಿಯನ್ನು ಪ್ಲೇಟಿಗೆ ಇಟ್ಟ. ಫೋನು ಬಾಯಿಯ ಹತ್ತಿರ ಹಿಡಿದು ಗ್ರೂಪಿಗೆ ಮಾತು ತುಂಬಿದ. "ಲೇ, ಎಲ್ರೂ ಕೇಳ್ರಿ. ಮೊನ್ನಿ ಬಂದ ಆ ಪಂಚಿಂಗ್ ಲಿಂಕ್ ಯಾವನರ ಒತ್ತಿದ್ರ ನನ್ನಂಗ ಮಣ್ಣು ತಿಂತೀರಿ. ನನ್ನವೆಲ್ಲಾ ಹೋದ್ವು. ನಗೂವ್ರು ಈಗೇ ನಕ್ಕು ಮುಗಸ್ರಿ, ಆಮ್ಯಾಲ ಲಿಂಕ್ ಅಳಸ್ರಿ. ಹಾಕಿದಾವ ಯಾವನೋ, ನನ್ನ ಕೈಗೆ ಸಿಕ್ರ ಅವನ್ನ ಮಷಿನ್ ಸೂಜಿ ಕೆಳಗ ಮಲಗಸ್ತೀನಿ."

ನಕ್ಕವರು ನಕ್ಕರು. ಆದರೆ ಸಂಜೆಯೊಳಗೆ ಲಿಂಕು ಗ್ರೂಪಿನಲ್ಲಿರಲಿಲ್ಲ.

*

ಅನುಪಮಾ ಬೇಡವೆಂದರೂ ಪವನನ ತಲೆಯೊಳಗೆ ರವಿವಾರ ಹುಳದಂತೆ ಕೊರೆಯುತ್ತಿತ್ತು. ಯಾರಿಗೂ ಹೇಳದೆ, ಓಲೆಯಲ್ಲಿದ್ದ ವಿಳಾಸಕ್ಕೆ, ಫೋನಿನಲ್ಲೇ ಕನ್ನಡವನ್ನು ಇಂಗ್ಲಿಷ್ ಮಾಡಿಸಿಕೊಂಡು ಆ ಕಳ್ಳರಿಗೆ ಬರೆದ. ಅವರು ಬಲು ವಿನಯದಿಂದ ಉತ್ತರ ಕೊಟ್ಟರು. ನಂಬಿಕೆ ಬರಲೆಂದು ಒಂದು ಫೈಲನ್ನು ಪುಕ್ಕಟೆ ತೆರೆದು ಕೊಡುತ್ತೇವೆ, ಕಳಿಸಿ ಎಂದರು. ಪವನ ಮತ್ತೆ ಸಿಂಧನೂರಿಗೆ ಹೋಗಿ ಕಂಪ್ಯೂಟರ್ ತರುವಾಗ ಅನುಪಮಾಳ ಹತ್ತಿರ ಒಂದು ಫೈಲು ಫೋನಿಗೆ ಹಾಕಿಸಿಕೊಂಡು ಬಂದು ಕಳಿಸಿದ. ಕೆಲ ಹೊತ್ತಿಗೆ ಅದರ ಚಿತ್ರ ತಿರುಗಿ ಬಂತು. ಯಂಕೋಬನ ನವಿಲು. ಕತ್ತು ಹಿಂದಕ್ಕೆ ತಿರುಗಿಸಿ ತನ್ನ ಗರಿಯನ್ನೇ ಕುಕ್ಕುವ ನವಿಲು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದರು. ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಪವನ ಫೋನನ್ನು ತಾಟುಗಳ ನಡುವೆ ಇಟ್ಟ.

"ನೋಡ್ರಿ. ಹಂಗಽ ಐತಿ. ಒಂದ್ ಎಳಿ ಹೆಚ್ಚು ಕಮ್ಮಿ ಇಲ್ಲ. ಅವ್ರ ಹತ್ರ ಕೀಲಿಕೈ ಖರೇನೇ ಐತಿ."

ರೂಪಾ ನೋಡಿದಳು. "ಕಳ್ಳರ ಜೋಡಿ ಮಾತಾಡೀರಿ?"

"ಮಾತಾಡ್ದೆ. ಏನ್ ಮಾಡ್ತಿ? ಬೈಕ್ ಮಾರ್ತೀನಿ. ರವಿವಾರ ಮುಂಜಾನೆ ದಲಾಲಿ ಬರ್ತಾನ. ಕೊಟ್ಟು ಬಿಡಿಸ್ಕೊಂಡ್ ಬಿಡ್ತೀನಿ."

"ಒಂದ್ ಚಲೋದ್ ತೋರ್ಸ್ಯಾರಂದ್ರ ಎಲ್ಲಾ ಚಲೋದೇ ಕೊಡ್ತಾರಂತ ಹೆಂಗ ನಂಬ್ತೀರಿ? ನನ್ನ ನೋಡಾಕ ಬಂದಾಗ ನಿಮ್ಮ ಮನಿಯವ್ರೂ ಒಂದ್ ಚಲೋ ಸೀರಿ ತೋರ್ಸಿದ್ರು."

"ಏನಂದಿ?" ಹುಸೇನಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಆಮ್ಯಾಲ ಕೊಟ್ಟದ್ದು ಏನ್ ಗೋಣಿಚೀಲೇನು?"

"ನಿಮಗ ಅಂದಿಲ್ಲ ಅತ್ತಿ."

"ಮತ್ಯಾರಿಗೆ ಅಂದಿ, ಈ ನವಿಲಿಗೆ?"

"ಇಬ್ರೂ ಸುಮ್ನಿರ್ರಿ!" ಪವನ ಗುಡುಗಿದ. "ನಾಕ್ ದಿನ ಆತು ಮಷಿನ್ ನಿಂತು. ಮದುವಿ ಬ್ಲೌಸ್ ಹಾಗೇ ಬಿದ್ದಾವ. ನನ್ನ ಬಿಟ್ರ ಯಾರಿಗೂ ಚಿಂತಿಲ್ಲ."

ಯಂಕೋಬ ಬಗ್ಗಿ ನವಿಲನ್ನು ನೋಡಿದ. "ನಾ ಹೊಲದದ್ದನ್ನ ತಿರುಗಿ ನನಗಽ ಮಾರ್ತಾರೇನು?" ಅಂದ. "ಬ್ಯಾಡ. ಹೋದ್ರ ಹೋಗ್ಲಿ. ಮತ್ತ ಮಾಡಿದ್ರಾತು."

ಅವನ ಬೆರಳುಗಳ ನಡುವೆ ರೊಟ್ಟಿಯ ತುತ್ತು ನಡುಗುತ್ತಿತ್ತು. ಪುಂಡಿ ಪಲ್ಯ ತೊಡೆಯ ಮೇಲೆ ಬಿತ್ತು. ಅದನ್ನು ಕಂಡದ್ದೇ ಪವನನ ಬಾಯಿಂದ ಮಾತು ಹಾರಿತು.

"ಯಾರ್ ಮಾಡ್ತಾರ? ನೀನಾ? ತುತ್ತು ಬಾಯಿಗೆ ಹೋಗೂತನ ಅರ್ಧ ನೆಲಕ್ಕ ಚೆಲ್ಲತೀದಿ. ಆ ಕೈಲಿಂದ ಮತ್ತ ಮಾಡ್ತಾನಂತ! ಸುಮ್ನ ಉಂಡು ಮಲಕ್ಕೋ ಹೋಗು."

ಯಂಕೋಬ ತುತ್ತನ್ನು ತಾಟಿಗೆ ಇಟ್ಟ. ತೊಡೆಯ ಮೇಲಿನ ಪಲ್ಯವನ್ನು ಒರೆಸಿಕೊಂಡ. ಗೋಡೆ ಹಿಡಿದು ಎದ್ದು ಹಿತ್ತಲಿಗೆ ಹೋದ.

"ಅದೇನ್ ನಾಲಿಗಿ ಐತೋ, ಕೊಡ್ಲಿ ಐತೋ?" ಹುಸೇನಮ್ಮನ ದನಿ ಸಣ್ಣಗಾಗಿತ್ತು. "ನಿನ್ನ ಎತ್ತಿ ಆಡ್ಸಿದ ಕೈ ಅವು."

ರೂಪಾ ತನ್ನ ತಾಟು ಎತ್ತಿಕೊಂಡು ಒಳಗೆ ಹೋದಳು. ಪವನ ಒಬ್ಬನೇ ಕೂತ. ಫೋನಿನಲ್ಲಿ ನವಿಲು ಹೊಳೆಯುತ್ತಲೇ ಇತ್ತು.

*

ರವಿವಾರ ಮುಂಜಾನೆ ದಲಾಲಿ ಬಂದ. ಬೈಕಿನ ಟೈರು ಒದ್ದು ನೋಡಿದ, ಎಂಜಿನ್ ಕೇಳಿದ, ಬೆಲೆ ಇಳಿಸಲು ಬಾಯಿ ತೆರೆದ. ಅಷ್ಟರಲ್ಲಿ ಪವನ, "ಮಾರಂಗಿಲ್ಲ. ಹೋಗು" ಅಂದ.

"ಮತ್ತ ಕರದದ್ದ್ಯಾಕೋ ಮಾರಾಯ?"

"ಹೋಗಂದ್ನಲ್ಲ."

ಸಂಜೆಗೆ ಕಳ್ಳರ ಇನ್ನೊಂದು ಓಲೆ ಬಂತು. ಬೆಲೆ ಇಮ್ಮಡಿಯಾಗಿತ್ತು. ಪವನ ಆ ವಿಳಾಸವನ್ನೇ ಫೋನಿನಲ್ಲಿ ಬ್ಲಾಕ್ ಮಾಡಿಬಿಟ್ಟ. ತಾನು ಕೊಡಲಿಲ್ಲವೆಂದು ಮನೆಯಲ್ಲಿ ಹೇಳಲಿಲ್ಲ. ಬೈಕು ಅಂಗಳದಲ್ಲೇ ನಿಂತಿದ್ದರಿಂದ ಎಲ್ಲರಿಗೂ ತಿಳಿಯಿತು.

ಯಂಕೋಬ ಮಾತ್ರ ಮಗನೊಡನೆ ಮಾತು ಬಿಟ್ಟ. ಸಿಟ್ಟು ತೋರಿಸಲಿಲ್ಲ, ಮುಖ ತಿರುಗಿಸಲಿಲ್ಲ. ಮಾತು ಮಾತ್ರ ಆಡಲಿಲ್ಲ. ಮಗ ಮೊಣಕೈ ದೂರದಲ್ಲಿ ಕೂತಿದ್ದರೂ, "ರೂಪಾ, ನಿನ್ನ ಗಂಡಗ ಹೇಳು, ಚಹಾ ಆರಾಕತ್ತೈತಿ" ಅನ್ನುತ್ತಿದ್ದ. ರೂಪಾ, "ಚಹಾ ಆರಾಕತ್ತೈತಂತ ನೋಡ್ರಿ" ಅನ್ನುತ್ತಿದ್ದಳು. ಪವನ ಕುಡಿಯುತ್ತಿದ್ದ. ಒಂದು ಸಲ, "ಅಪ್ಪಾ, ಗುಳಿಗಿ ತೊಗೊಂಡಿ?" ಎಂದು ಅವನೇ ಕೇಳಿದ. ಯಂಕೋಬ ಸೊಸೆಯ ಕಡೆ ತಿರುಗಿ, "ತೊಗೊಂಡೀನಂತ ಹೇಳು" ಅಂದ. ಬೈದಿದ್ದರೆ ಪವನ ತಿರುಗಿ ಬೈಯುತ್ತಿದ್ದ, ಹೊಡೆದಿದ್ದರೆ ತಿನ್ನುತ್ತಿದ್ದ. ಇದಕ್ಕೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ತೊಳೆದು ಬಂದ ಕಂಪ್ಯೂಟರಿಗೆ ರೂಪಾ ಕದ್ದದ್ದಲ್ಲದ, ಪುಕ್ಕಟೆಯಾಗಿಯೇ ಸಿಗುವ ಬೇರೊಂದು ಪಂಚಿಂಗ್ ಸಾಫ್ಟ್‌ವೇರ್ ಹಾಕಿಕೊಂಡಳು. ಕೈಗೆ ಹತ್ತಲು ತಡವಾಯಿತು, ಗೊಣಗಿದಳು, ಆದರೆ ಬಿಡಲಿಲ್ಲ. ಇತ್ತೀಚೆಗೆ ಹೊಲಿದ ಕೆಲವು ಡಿಸೈನುಗಳು ಎಂಬ್ರಾಯ್ಡರಿ ಮಷಿನ್ನಿನ ಹೊಟ್ಟೆಯಲ್ಲೇ ಉಳಿದಿದ್ದವು; ಗಾಬರಿಯಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ. ಅದಕ್ಕೂ ಕಂಪ್ಯೂಟರಿಗೂ ವೈರಿನ ನಂಟು ಇರಲಿಲ್ಲ. ಅಷ್ಟರಿಂದ ಮಷಿನ್ ಮತ್ತೆ ಸದ್ದು ಮಾಡಿತು. ಹಳೆಯವು ಮಾತ್ರ ಬಾಕಿ ಉಳಿದವು. ಅವಕ್ಕೆ ದಾರಿ ತೋರಿಸಿದವನು ಯಂಕೋಬನೇ.

"ರೂಪಾ, ನಿನ್ನ ಗಂಡಗ ಹೇಳು. ನನ್ನ ಪಾಮನಕಲ್ಲೂರಿಗೆ ಕರ್ಕೊಂಡ್ ಹೋಗ್ತಾನೇನು? ಗೋಪಣ್ಣನ ಮನ್ಯಾಗ ಒಂದ್ ಝೂಲ ಇರಬೇಕು."

ಪವನ ಕೀಲಿ ತೆಗೆದುಕೊಂಡು ಬೈಕಿನ ಹತ್ತಿರ ಹೋದ. ಯಂಕೋಬ ಹಿಂದೆ ಕೂತ. ಎಡಕ್ಕೆ ತಿರುಗಬೇಕಾದರೆ ಮಗನ ಎಡಭುಜಕ್ಕೆ ತಟ್ಟಿದ, ಬಲಕ್ಕಾದರೆ ಬಲಭುಜಕ್ಕೆ. ನಿಲ್ಲಬೇಕಾದರೆ ಬೆನ್ನಿಗೆ. ಹೋಗುವುದಕ್ಕೂ ಬರುವುದಕ್ಕೂ ಅಷ್ಟೇ ಮಾತು.

ಗೋಪಣ್ಣ ಹಳೆಯ ಗಿರಾಕಿ. ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿತ್ತು.

"ಎತ್ತು ಮಾರಿದೆ ಯಂಕೋಬಣ್ಣ, ಝೂಲ ಮಾರಾಕ ಮನಸಾಗ್ಲಿಲ್ಲ. ಬಾ ತೋರಸ್ತೀನಿ." ಒಳಗೆ ಫ್ರಿಜ್ಜಿನ ಮೇಲೆ ಝೂಲ ಹೊದಿಸಿತ್ತು. ಕನ್ನಡಿ ಬಿಲ್ಲೆಗಳು ಇನ್ನೂ ಹೊಳೆಯುತ್ತಿದ್ದವು.

ಯಂಕೋಬ ಫ್ರಿಜ್ಜನ್ನು ಸುತ್ತಿ ನೋಡಿದ. "ಈ ಎತ್ತು ಹೊಲ ಹೂಡ್ತೈತೇನು?"

"ಹೂಡಂಗಿಲ್ಲ, ಮಜ್ಜಿಗಿ ಕಾಯ್ತೈತಿ," ಎಂದು ಗೋಪಣ್ಣ ನಕ್ಕ. ಝೂಲವನ್ನು ಕಣದ ಬಿಸಿಲಲ್ಲಿ ಹಾಸಿದರು. ಅಳತೆ ತಿಳಿಯಲೆಂದು ಪಕ್ಕಕ್ಕೆ ಟೇಪು ಚಾಚಿ, ಪವನ ಮಂಡಿಯೂರಿ ಮೂಲೆಮೂಲೆಯ ಫೋಟೋ ತೆಗೆದ. ಯಂಕೋಬನ ನಡುಗುವ ಬೆರಳು ತೋರಿಸಿದಲ್ಲಿಗೆಲ್ಲ ಅವನ ಫೋನು ಹೋಯಿತು.

"ಮಗ ಯಾಕ ಮಾತಽ ಆಡವಲ್ಲ?" ಗೋಪಣ್ಣ ಕೇಳಿದ.

"ಅವನ ಮಾತು ಬಾಳ ಚೂಪು. ಮನ್ಯಾಗ ಇಟ್ಟು ಬಂದಾನ."

ಪವನ ತಲೆಯೆತ್ತಲಿಲ್ಲ. ಬಿಸಿಲಿಗೋ ಮಾತಿಗೋ ಕಿವಿ ಕೆಂಪಾದವು.

ಹೀಗೆ ಹಳ್ಳಿಹಳ್ಳಿ ಅಲೆದರು. ಒಂದು ಝೂಲ ಹಿಟ್ಟಿನ ಗಿರಣಿಯ ಮೋಟಾರಿಗೆ ಹೊದಿಕೆಯಾಗಿತ್ತು, ಇನ್ನೊಂದನ್ನು ಇಲಿ ತಿಂದು ಅರ್ಧ ಉಳಿಸಿತ್ತು. ಲಿಂಗಸುಗೂರಿಗೆ ಕೊಟ್ಟ ಪವನನ ಅಕ್ಕ ಮೌನೇಶ್ವರಿ ತನ್ನ ಕಡೆಯಿಂದ ಬ್ಲೌಸು ಹೊಲಿಸಿಕೊಂಡವರನ್ನೆಲ್ಲ ಹಿಡಿದಳು. ಹಟ್ಟಿಯ ಕ್ವಾರ್ಟರ್ಸಿನ ಹೆಣ್ಣುಮಕ್ಕಳು ಬ್ಲೌಸನ್ನು ಮಂಚದ ಮೇಲೆ ಹಾಸಿ ಫೋಟೋ ಕಳಿಸಿದರು. ಒಬ್ಬಾಕೆ ತೊಟ್ಟುಕೊಂಡೇ ಬೆನ್ನು ತಿರುಗಿಸಿ ನಿಂತಿದ್ದಳು.

"ಲೇ ಪವ್ಯಾ," ಮೌನೇಶ್ವರಿ ಫೋನಿನಲ್ಲಿ ಕೂಗಿದಳು, "ನೀ ಒಂದ್ ಲಿಂಕ್ ಒತ್ತಿದಿ, ನಾ ಊರ ಮಂದಿ ಬೆನ್ನು ಎಣಿಸ್ಕೋತ ತಿರಗಾಕತ್ತೀನಿ! ನನ್ನ ಗಂಡ ಉಪವಾಸ ಅದಾನ."

"ಅಡಗಿ ಮಾಡ್ಕೋ ಅನ್ನು ಮಾಮಾಗ."

"ಹೇಳ್ತೀನಿ, ನಿನ್ನ ಹೆಸರ್ಲೆ."

ಸಂಜೆ ಹೊತ್ತು ಯಂಕೋಬ, ರೂಪಾ ಇಬ್ಬರೂ ಕಂಪ್ಯೂಟರಿನ ಮುಂದೆ ಕೂಡ್ರುತ್ತಿದ್ದರು. ಪವನ ಹಿಂದೆ ನಿಂತು ನೋಡುತ್ತಿದ್ದ. ಒಂದೊಂದಾಗಿ ಅಂಚುಗಳು ತಿರುಗಿ ಬಂದವು.

ಮನೆಯ ಕಾಯಿದೆಗಳೂ ಬದಲಾದವು. ಹೊಸದೇನನ್ನು ಕಂಪ್ಯೂಟರಿಗೆ ಹಾಕಬೇಕಾದರೂ ರೂಪಾಳ ಪಾಸ್‌ವರ್ಡ್ ಬೇಕು. ಆ್ಯಂಟಿವೈರಸ್ಸನ್ನು ಬಂದ್ ಮಾಡೆನ್ನುವುದು ಏನೇ ಇರಲಿ, ಅದಕ್ಕೆ ಮನೆಯೊಳಗೆ ಜಾಗವಿಲ್ಲ. ಕಂಪ್ಯೂಟರು ಅಪ್‌ಡೇಟ್ ಆಗಬೇಕೆಂದು ಕೇಳಿದಾಗ 'ಆಮೇಲೆ' ಎಂದು ತಳ್ಳುವಂತಿಲ್ಲ. ಡಿಸ್ಕುಗಳು ಎರಡಾದವು. ಒಂದು ಲಿಂಗಸುಗೂರಿನಲ್ಲಿ ಮೌನೇಶ್ವರಿಯ ಮನೆಯಲ್ಲಿ, ಒಂದು ಹುಸೇನಮ್ಮನ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಕೆಳಗೆ. ಶನಿವಾರಕ್ಕೊಮ್ಮೆ ಟ್ರಂಕಿನದನ್ನು ಹೊರಗೆ ತೆಗೆಯುವುದು, ಕಾಪಿ ಮಾಡುವುದು, ಕಿತ್ತು ತಿರುಗಿ ಕೊಡುವುದು.

"ಯಾಕ ಬೇಕು?" ಹುಸೇನಮ್ಮ ಪ್ರತಿಸಲ ಕೇಳುತ್ತಿದ್ದಳು.

"ಕಾಪಿ ಮಾಡಾಕವ್ವ. ವಾರಾ ವಾರಾ ಹೇಳಬೇಕೇನು?"

"ಹೇಳಬೇಕು. ಟೇಪ್ ಹಚ್ಚಂಗಿಲ್ಲ."

"ಇಲ್ಲ."

"ನಾ ಇಲ್ಲೇ ಕುಂದರ್ತೀನಿ. ಮುಗದ ಕೂಡ್ಲೆ ನನ್ನ ಕೈಯಾಗ ಇಡಬೇಕು."

"ನನ್ನ ಮನ್ಯಾಗ ನಾನೇ ಪರದೇಶಿ ಆದೆ," ಎಂದು ಪವನ ಗೊಣಗುತ್ತಿದ್ದ. ಗೊಣಗುತ್ತಲೇ ಡಿಸ್ಕು ಕಿತ್ತು ತಾಯಿಯ ಕೈಯಲ್ಲಿಡುತ್ತಿದ್ದ.

*

ಕೊನೆಗೆ ಸಿಗದೆ ಉಳಿದದ್ದು ಒಂದು, ನಾಗಮುರಿ ಅಂಚು. ಹೆಣೆದುಕೊಂಡ ಎರಡು ಬಳ್ಳಿ, ಒಂದು ಒಳಗೆ ಹೊಕ್ಕರೆ ಇನ್ನೊಂದು ಮೇಲೆ ಹಾಯುವುದು. ಅದು ಯಾವ ಮನೆಯ ಝೂಲದಲ್ಲೂ ಉಳಿದಿರಲಿಲ್ಲ. ಅದರ ಬ್ಲೌಸು ತೊಟ್ಟವಳು ಯಾವ ಊರಿಗೆ ಮದುವೆಯಾಗಿ ಹೋದಳೋ ಮೌನೇಶ್ವರಿಗೂ ತಿಳಿಯಲಿಲ್ಲ. ರೂಪಾ ಎರಡು ಸಲ ಪ್ರಯತ್ನಿಸಿ, ಗಂಟು ತಪ್ಪಿ, ಬಿಟ್ಟಿದ್ದಳು.

ಆ ದಿನ ರೂಪಾ ತಯಾರಾದ ಬ್ಲೌಸು ಕೊಟ್ಟು ಬರಲು ಲಿಂಗಸುಗೂರಿನ ಬಸ್ಸು ಹತ್ತಿದ್ದಳು. ಹುಸೇನಮ್ಮ ಸಜ್ಜಿ ಬೀಸಿಸಲು ಗಿರಣಿಗೆ ಹೋಗಿದ್ದಳು. ಮನೆಯಲ್ಲಿ ಅಪ್ಪ, ಮಗ ಇಬ್ಬರೇ. ಮಷಿನ್ ತನ್ನಷ್ಟಕ್ಕೆ ಯಾರದೋ ತೋಳು ಹೊಲಿಯುತ್ತಿತ್ತು. ಪವನ ಕಂಪ್ಯೂಟರಿನ ಮುಂದೆ ಕೂತ. ಇಷ್ಟು ವಾರ ಹಿಂದೆ ನಿಂತು ನೋಡಿದ ಧೈರ್ಯದ ಮೇಲೆ ಮೌಸು ಹಿಡಿದು ನಾಗಮುರಿಗೆ ಕೈಹಚ್ಚಿದ.

ಮೊದಲ ಸುತ್ತು ಹೇಗೋ ಬಂತು. ಎರಡನೆಯದು ಅಡ್ಡಾದಿಡ್ಡಿಯಾಯಿತು. ಹಿಂದೆ ಕಟ್ಟೆಯ ಮೇಲೆ ಕೂತಿದ್ದ ಯಂಕೋಬ ಕೆಮ್ಮಿದ. ಪವನ ಅಳಿಸಿ ಮತ್ತೆ ಎಳೆದ. ಯಂಕೋಬ ಮತ್ತೆ ಕೆಮ್ಮಿದ, ಈ ಸಲ ಗಟ್ಟಿಯಾಗಿ. ಬಾಗಿಲ ಕಡೆ ನೋಡಿದ. "ನಿನ್ನ ಗಂಡಗ ಹೇಳು" ಅನ್ನಲು ಅಲ್ಲಿ ಯಾರೂ ಇರಲಿಲ್ಲ. ಪವನ ಬಳ್ಳಿಯನ್ನು ಹೊರಗಡೆಯಿಂದ ಹಾಯಿಸಿದ. ಯಂಕೋಬ ಕಟ್ಟೆಯಿಂದ ಎದ್ದು ಬಂದು ಅವನ ಕುರ್ಚಿಯ ಹಿಂದೆ ನಿಂತ. ಪವನನ ಕುತ್ತಿಗೆಗೆ ಅಪ್ಪನ ಉಸಿರು ತಾಗಿತು. ಪವನ ಇನ್ನಷ್ಟು ಹೊರಗೆ ಎಳೆದ.

"ಲೇ, ಲೇ, ಲೇ! ಒಳಗ ತೊಗೋಳಪಾ! ಅದೇನ್ ಹಗ್ಗ ಹೊಸಿಯಾಕತ್ತೀದಿ? ಒಳಗ!"

ಪವನನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಹಿಂದೆ ತಿರುಗಿ ನೋಡಲು ಅವನಿಗೆ ಹೆದರಿಕೆಯಾಯಿತು. ನೋಡಿದರೆ ಅಪ್ಪ ಮತ್ತೆ ಬಾಯಿ ಮುಚ್ಚಿಬಿಟ್ಟಾನು.

"ಹಿಂಗೇನಪ್ಪಾ?" ಪರದೆಯ ಕಡೆಯೇ ಮುಖವಿಟ್ಟು ಕೇಳಿದ.

"ಹಾಂ. ಈಗ ಕೆಳಗಿಂದು ಮ್ಯಾಲ ಬರ್ಲಿ. ಸಾವಕಾಶ. ಓಡಬ್ಯಾಡ. ಯಾರೂ ಬೆನ್ನ್ ಹತ್ತಿಲ್ಲ."

ನಡುಗುವ ಬೆರಳೊಂದು ಪವನನ ಭುಜದ ಮೇಲಿಂದ ಚಾಚಿ ಪರದೆಯನ್ನು ಮುಟ್ಟಿತು. ಬೆರಳು ಹೋದ ದಾರಿಯಲ್ಲಿ ಗೆರೆ ಹೋಯಿತು. ಬೆರಳು ನಡುಗಿದಲ್ಲಿ ಪವನ ನಡುಗದೆ ಎಳೆದ. ಒಂದು ಗಂಟು ಬಿತ್ತು, ಆಮೇಲೆ ಇನ್ನೊಂದು. ಬಳ್ಳಿ ಹೇಗೆ ತಿರುಗುತ್ತದೆಂಬುದು ಅವನ ಕೈಗೆ ತಿಳಿಯತೊಡಗಿತು. ಯಂಕೋಬ ಮಾತು ಕಡಿಮೆ ಮಾಡಿದ, ಬರೀ "ಹಾಂ, ಹಾಂ" ಅಂದ. ಆಮೇಲೆ ಅದನ್ನೂ ನಿಲ್ಲಿಸಿ ಸುಮ್ಮನೆ ನಿಂತ.

ಮುಂದಿನ ತಿರುವು ಬಂತು. ಒಳಗೆ ತೆಗೆದುಕೊಳ್ಳಬೇಕೆಂದು ಪವನನಿಗೆ ಚೆನ್ನಾಗಿ ಗೊತ್ತಿತ್ತು. ಬೇಕೆಂತಲೇ ಹೊರಗೆ ಎಳೆದ.

"ಏ ಮಬ್ಬ! ಕಣ್ಣು ಎಲ್ಲದಾವ ನಿನ್ನವು?"